ಅಮರೇಶ್ವರಿಯ ಪುಡಿ ಬುಷ್

ಲಿಂಗಸುಗೂರು
18 ಆಗಸ್ಟ್ 2024

ಸಿಂಧನೂರಿನ ಗ್ಯಾನಪ್ಪ ಮಿಸ್ತ್ರಿಯವರಿಗೆ, ಅಂದರೆ ನನ್ನ ಅಪ್ಪನಿಗೆ, ಅಮರೇಶ್ವರಿ ಕೈಮುಗಿದು ಬರೆಯುವುದು.

ನಾನು ಆರಾಮಾಗಿದ್ದೇನೆ. ನಿನ್ನ ಕಿವಿ ಮೊದಲಿದ್ದ ಹಾಗೇ ಇದೆ ಎಂದು ಅವ್ವ ಫೋನಿನಲ್ಲಿ ಹೇಳಿದಳು. ಮೂವತ್ತೊಂದು ವರ್ಷ ಅಕ್ಕಿ ಮಿಲ್ಲಿನ ಗದ್ದಲದಲ್ಲಿ ನಿಂತ ನಿನಗೆ ಫೋನು ಕೇಳಿಸುವುದಿಲ್ಲ. ಮೆಸೇಜು ಬರೆಯೋಣವೆಂದರೆ ನಿನ್ನ ಬೆರಳಿಗೆ ಆ ಗಾಜಿನ ಮೇಲಿನ ಅಕ್ಷರ ಸಿಗುವುದಿಲ್ಲ. ಹೋದ ತಿಂಗಳು ನೀನು ಕಳಿಸಿದ ಮೆಸೇಜಿನಲ್ಲಿ ಹದಿನೇಳು ಚುಕ್ಕೆ ಇದ್ದವು, ಬೇರೇನೂ ಇರಲಿಲ್ಲ. ಅದಕ್ಕೇ ಕಾಗದ. ಅವ್ವ ನನಗೆ ರೊಟ್ಟಿ ಕಳಿಸುವ ಬಸ್ಸಿನಲ್ಲೇ, ಅದೇ ಚೀಲದಲ್ಲಿ ಇದು ಬರುತ್ತದೆ. ಕಂಡಕ್ಟರ್ ಇಸ್ಮಾಯಿಲ್‌ಸಾಬರನ್ನು ಕೇಳಿದೆ. "ಡಬ್ಬಿ ಖಾಲಿ ಒಯ್ಯೋದಕಿಂತ ಒಳಗ ಏನರ ಇರಲಿ ಬಿಡವಾ" ಎಂದರು. ನಡುವೆ ಬಸ್ಸು ಮಸ್ಕಿಯಲ್ಲಿ ಹತ್ತು ನಿಮಿಷ ನಿಂತಾಗ ನಿನ್ನ ಅಕ್ಕ ಆದಮ್ಮತ್ತಿ ತನ್ನ ಖಾನಾವಳಿಯಿಂದ ಬಂದು ಚೀಲ ಬಿಚ್ಚಿ ನೋಡುತ್ತಾಳೆ ಎಂಬುದು ನನಗೆ ಗೊತ್ತು. ನೋಡಲಿ, ಆಕೆಗೆ ಓದಲು ಬರುವುದಿಲ್ಲ.

ಈಗ ಕೆಲಸದ ಮಾತು. ನಾನು ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುತ್ತ, ಉಳಿದ ಹೊತ್ತಿನಲ್ಲಿ ಪಿಎಚ್.ಡಿ.ಗೆ ಏನು ಮಾಡುತ್ತೇನೆ ಎಂದು ನೀನು ನಾಲ್ಕು ವರ್ಷದಿಂದ ಕೇಳುತ್ತಿದ್ದೀಯ, ನಾನು ನಾಲ್ಕು ವರ್ಷದಿಂದ ಸರಿಯಾಗಿ ಹೇಳಿಲ್ಲ. ಕೇಳು. ಅಲ್ಯೂಮಿನಿಯಂ ಅನ್ನು ಕರಗಿಸುವುದಿಲ್ಲ. ಮುಖಕ್ಕೆ ಹಚ್ಚುವ ಪೌಡರಿನಷ್ಟು ಸಣ್ಣ ಅಲ್ಯೂಮಿನಿಯಂ ಪುಡಿ ತರುತ್ತೇವೆ. ಅದಕ್ಕೆ ಸಿಲಿಕಾನ್ ಕಾರ್ಬೈಡ್ ಎಂಬ ಗಟ್ಟಿ ಪಿಂಗಾಣಿ ಜಾತಿಯ ಪುಡಿ ಬೆರೆಸುತ್ತೇವೆ. ಎರಡನ್ನೂ ಉಕ್ಕಿನ ಗುಂಡುಗಳ ಜೊತೆ ಡ್ರಮ್ಮಿನಲ್ಲಿ ಹಾಕಿ ಆರು ತಾಸು ತಿರುಗಿಸುತ್ತೇವೆ. ಆಮೇಲೆ ಅಚ್ಚಿನಲ್ಲಿ ತುಂಬಿ ತಣ್ಣಗೇ ಒತ್ತಿ, ಕುಲುಮೆಯಲ್ಲಿ ಕಾಯಿಸುತ್ತೇವೆ. ಕರಗಬಾರದು, ಆದರೆ ಕಣಕ್ಕೆ ಕಣ ಅಂಟಿಕೊಳ್ಳಬೇಕು. ಹೊರಗೆ ಬರುವುದು ಅಲ್ಯೂಮಿನಿಯಂನಷ್ಟು ಹಗುರ, ಸವೆತಕ್ಕೆ ಅದಕ್ಕಿಂತ ಬಹಳ ಗಟ್ಟಿ.

ಇದರಲ್ಲಿ ಒಂದು ಬುಷ್ ಮಾಡಬೇಕೆಂದಿದ್ದೇನೆ. ನಿಮ್ಮ ಮಿಲ್ಲಿನಲ್ಲಿ ಭತ್ತ ಮೇಲೆತ್ತುವ ಎಲಿವೇಟರ್ ಇದೆಯಲ್ಲ, ಅದರ ಬುಡದ ಶಾಫ್ಟ್ ಬಳೆಯಂಥ ಬುಷ್‌ನೊಳಗೆ ತಿರುಗುವ ಜಾಗಕ್ಕೆ. ಅಲ್ಲಿನ ಭಾರದ ಗನ್‌ಮೆಟಲ್ ಬುಷ್ ಧೂಳಿಗೆ ಬೇಗ ಸವೆಯುತ್ತದೆ ಎಂದು ನೀನು ನಾನು ಸಣ್ಣವಳಿದ್ದಾಗಿನಿಂದ ಬೈಯುತ್ತಿದ್ದೀಯ. ನನಗೆ ಅಚ್ಚು ಬೇಕು: ಒಳಗೆ ಐವತ್ತು ಮಿಲಿಮೀಟರ್, ನಡುವಿನ ಕಂಬಿ ಮೂವತ್ತು. ವಿಶ್ವವಿದ್ಯಾಲಯ ಈಗಾಗಲೇ ಎರಡು ಸಲ ಗಡುವು ಮುಂದೂಡಿದೆ. ಫೆಬ್ರವರಿಯ ಸಭೆಯಲ್ಲಿ, ನಿಜವಾದ ಯಂತ್ರದಲ್ಲಿ ಈ ಬುಷ್ ಎಷ್ಟು ತಾಸು ಓಡಿತು ಎಂದು ತೋರಿಸದಿದ್ದರೆ ನನ್ನ ನೋಂದಣಿ ರದ್ದಾಗುತ್ತದೆ, ನಾಲ್ಕು ವರ್ಷ ನೀರಿಗೆ ಹೋಗುತ್ತದೆ. ಅಚ್ಚು ಮಾಡಿಕೊಡುತ್ತೀಯಾ?

ನಿನ್ನ ಮಗಳು,
ಅಮರೇಶ್ವರಿ

*

ಸಿಂಧನೂರು
1 ಸೆಪ್ಟೆಂಬರ್ 2024

ಅಮರವ್ವನಿಗೆ ಅಪ್ಪನ ಆಶೀರ್ವಾದ. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ಲೇತ್‌ನ ಬೆಲ್ಟ್ ಒಂದು ಚೆನ್ನಾಗಿಲ್ಲ.

ನಿನ್ನ ಕಾಗದ ಎರಡು ಸಲ ಓದಿದೆ. ಮೊದಲ ಸಲ ನಗು ಬಂತು, ಎರಡನೇ ಸಲ ಸಿಟ್ಟು ಬಂತು. ಸಿಲಿಕಾನ್ ಕಾರ್ಬೈಡ್ ಎಂದರೆ ಸಾಣೆ ಕಲ್ಲಿನ ಪುಡಿ. ಅಷ್ಟು ನನಗೂ ಗೊತ್ತು, ವಾಲ್ವ್ ಉಜ್ಜುವ ಪೇಸ್ಟಿನಲ್ಲಿ ಇರುವುದೂ ಅದೇ. ಅದನ್ನು ಬುಷ್‌ಗೆ ಹಾಕುತ್ತಾರೇನು? ಬುಷ್ ಇರುವುದೇ ಶಾಫ್ಟ್ ಉಳಿಸಿ ತಾನು ಸವೆಯಲಿಕ್ಕೆ. ನಿನ್ನ ಬುಷ್ ಅಲ್ಲಿ ಕೂತು ಶಾಫ್ಟಿಗೇ ಸಾಣೆ ಹಿಡಿದರೆ ಮಿಲ್ಲಿನ ಸಾವುಕಾರರು ನನಗೆ ಸಾಣೆ ಹಿಡಿಯುತ್ತಾರೆ.

ಆದರೂ ಅಚ್ಚು ಮಾಡಿದ್ದೇನೆ. ಗುಜರಿಯಲ್ಲಿ ಒಳ್ಳೆಯ ಉಕ್ಕಿನ ದಿಮ್ಮಿ ಸಿಕ್ಕಿತು. ತಿರುವಿ, ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಒಳಮೈಯನ್ನು ನಿನ್ನ ಮುಖ ಕಾಣುವಷ್ಟು ಉಜ್ಜಿದ್ದೇನೆ. ಚೀಲ ಎತ್ತುವಾಗ ಇಸ್ಮಾಯಿಲ್‌ಸಾಬ್, "ಏನ್ ಗ್ಯಾನಪ್ಪಣ್ಣ, ಮಗಳಿಗಿ ಬೀಸೋಕಲ್ಲು ಕಳಸಾಕತ್ತೀಯೇನು" ಎಂದನಂತೆ. ನನಗೆ ಕೇಳಿಸಲಿಲ್ಲ, ನಿಮ್ಮವ್ವ ಆಮೇಲೆ ಕೈಸನ್ನೆ ಮಾಡಿ ಹೇಳಿದಳು. ರೊಟ್ಟಿ ಅಚ್ಚಿನ ಕೆಳಗೆ ಸಿಕ್ಕಿ ಪುಡಿಯಾಗಿದ್ದರೆ ಹಾಲಿನಲ್ಲಿ ಕಲಸಿಕೊಂಡು ತಿನ್ನು.

ಗ್ಯಾನಪ್ಪ

*

ಲಿಂಗಸುಗೂರು
29 ಸೆಪ್ಟೆಂಬರ್ 2024

ಅಪ್ಪನಿಗೆ, ಹನ್ನೊಂದು ಒಡೆದ ಬಿಲ್ಲೆಗಳ ಒಡತಿಯ ನಮಸ್ಕಾರ.

ನಿನ್ನ ಸಾಣೆಯ ಮಾತಿಗೆ ಮೊದಲು ಉತ್ತರ. ನೂರಕ್ಕೆ ಹತ್ತು ಪಾಲು ಮಾತ್ರ ಆ ಪುಡಿ. ಅದರ ಜೊತೆ ಎರಡು ಪಾಲು ಗ್ರಾಫೈಟ್, ಅಂದರೆ ಪೆನ್ಸಿಲ್ಲಿನ ಕಪ್ಪು ಪುಡಿ ಹಾಕುತ್ತೇನೆ. ಅದು ಜಾರಿಕೆ ಕೊಡುತ್ತದೆ, ಶಾಫ್ಟನ್ನು ಕಾಯುತ್ತದೆ. ನಂಬಿಕೆ ಬರದಿದ್ದರೆ ಶಾಫ್ಟನ್ನೂ ಅಳೆದಿಡು.

ಈಗ ಅಳು. ನಮ್ಮ ಕಾಲೇಜಿನಲ್ಲಿ ಕಬ್ಬಿಣದ ಕಂಬಿ ಎಳೆದು ಪರೀಕ್ಷಿಸುವ ದೊಡ್ಡ ಯಂತ್ರವಿದೆ. ಅದರಲ್ಲಿ ಅಚ್ಚು ಕೂರಿಸಿ ಮೂವತ್ತೆಂಟು ಟನ್ ಒತ್ತುತ್ತೇನೆ. ಒಳಗೆ ಪುಡಿ ಬಿಲ್ಲೆಯಾಗಿ ಚೆನ್ನಾಗಿ ಕೂಡಿರುತ್ತದೆ, ಹೊರಗೆ ತಳ್ಳುವಾಗ ಬಿರುಕು. ಒಂದಾದ ಮೇಲೆ ಒಂದು ಹನ್ನೊಂದು ಹೋದವು. ಇನ್ನೂ ಕಾಯಿಸದ ಹಸಿ ಬಿಲ್ಲೆ ರವೆ ಉಂಡೆಯಷ್ಟೇ ಸೂಕ್ಷ್ಮ, ಬಿರುಕು ಬಿಟ್ಟರೆ ಕೈಯಲ್ಲೇ ಉದುರುತ್ತದೆ. ನನ್ನ ಗೈಡ್ ಸಿದ್ದರಾಮೇಶ ಸರ್ ಪುಡಿ ಬದಲಿಸು ಎನ್ನುತ್ತಾರೆ. ಹೊಸ ಪುಡಿ ಬರಲು ಎರಡು ತಿಂಗಳು ಬೇಕು, ಅಷ್ಟು ಹೊತ್ತು ನನ್ನ ಬಳಿ ಇಲ್ಲ. ಮೂರು ಒಡಕನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟಿದ್ದೇನೆ. ಸುಮ್ಮನೆ ನೋಡಲಿಕ್ಕೆ.

ಅಮರೇಶ್ವರಿ

*

ಸಿಂಧನೂರು
6 ಅಕ್ಟೋಬರ್ 2024

ಅಮರವ್ವನಿಗೆ ಆಶೀರ್ವಾದ.

ಪುಡಿಯನ್ನು ಬದಲಿಸಬೇಡ. ತಪ್ಪು ನನ್ನ ಅಚ್ಚಿನದು.

ಒಡಕುಗಳನ್ನು ಬಿಸಿಲಿನಲ್ಲಿಟ್ಟು ಭೂತಗನ್ನಡಿಯಲ್ಲಿ ನೋಡಿದೆ. ಮೂರರಲ್ಲೂ ಬಿರುಕು ಅಡ್ಡಕ್ಕೆ ಇದೆ, ಬಳೆಯ ಹಾಗೆ ಸುತ್ತ ಹೋಗಿದೆ. ಅಂದರೆ ಒತ್ತುವಾಗ ಒಡೆದದ್ದಲ್ಲ, ಹೊರಬರುವಾಗ ಒಡೆದದ್ದು. ಅಚ್ಚಿನ ಬಾಯಿಯನ್ನು ನಾನು ಚೂಪಾಗಿ ಬಿಟ್ಟಿದ್ದೆ. ಒತ್ತಿದ ಪುಡಿ ಹೊರಗೆ ಬಂದ ಕೂಡಲೇ ಸ್ವಲ್ಪ ಹಿಗ್ಗುತ್ತದೆಯಲ್ಲ, ಅರ್ಧ ಹೊರಗೆ ಹಿಗ್ಗಿ ಅರ್ಧ ಒಳಗೆ ಬಿಗಿದು ನಿಂತರೆ ನಡುವೆ ಹರಿಯದೆ ಏನು ಮಾಡೀತು? ಅಚ್ಚು ಕಳಿಸು. ಬಾಯಿಯನ್ನು ಕೂದಲೆಳೆಯಷ್ಟು ಅಗಲಿಸಿ, ಅಂಚು ದುಂಡಗೆ ಮಾಡುತ್ತೇನೆ. ಮುರಿದದ್ದನ್ನು ಕಳಿಸಿದ್ದು ಒಳ್ಳೆಯದಾಯಿತು.

ಗ್ಯಾನಪ್ಪ

*

ಲಿಂಗಸುಗೂರು
10 ನವೆಂಬರ್ 2024

ಅಪ್ಪನಿಗೆ, ಅಚ್ಚಿನ ಬಾಯಿ ತಿದ್ದಿದವನಿಗೆ, ಮಗಳ ದೊಡ್ಡ ನಮಸ್ಕಾರ.

ಒಂದೂ ಒಡೆಯಲಿಲ್ಲ. ಸಿದ್ದರಾಮೇಶ ಸರ್ ಅಚ್ಚಿನ ಬಾಯಿಯ ಮೇಲೆ ಬೆರಳಾಡಿಸಿ, "ಇದನ್ನ ಯಾರು ಮಾಡ್ಯಾರ?" ಎಂದು ಕೇಳಿದರು. ನಮ್ಮಪ್ಪ ಎಂದೆ. ಅವರು ಇನ್ನೊಮ್ಮೆ ಬೆರಳಾಡಿಸಿದರು.

ಕುಲುಮೆಯಲ್ಲಿ ಆರುನೂರು ಡಿಗ್ರಿಗೆ ಒಂದು ತಾಸು ಇಟ್ಟೆ. ಆರುನೂರ ಅರವತ್ತಕ್ಕೆ ಅಲ್ಯೂಮಿನಿಯಂ ಕರಗಿ ನೀರಾಗುತ್ತದೆ, ಅದಕ್ಕೆ ಮೀಟರಿನಿಂದ ಕಣ್ಣು ತೆಗೆಯಲಿಲ್ಲ. ಗಾಳಿ ತಾಗದ ಹಾಗೆ ಒಳಗೆ ಆರ್ಗಾನ್ ಅನಿಲ ಬಿಟ್ಟಿದ್ದೆ. ತಣ್ಣಗಾದ ಮೇಲೆ ಒಂದು ಬುಷ್ ಎತ್ತಿ ಟೇಬಲಿಗೆ ಕುಟ್ಟಿದೆ. ಹಸಿ ಇದ್ದಾಗ ಸಪ್ಪಗೆ ಟಕ್ ಎನ್ನುತ್ತಿದ್ದದ್ದು ಈಗ ಗಂಟೆಯ ಹಾಗೆ ಟಿಣ್ ಎಂದಿತು. ಅಪ್ಪ, ನನಗೆ ಆ ಸದ್ದು ಕೇಳಿ ಕಣ್ಣಲ್ಲಿ ನೀರು ಬಂತು. ನಿನಗೂ ಕೇಳಿಸಬೇಕಿತ್ತು ಅನಿಸಿತು.

ಒಳ್ಳೆಯ ಒಂದನ್ನು ಕಳಿಸುತ್ತಿದ್ದೇನೆ. ಎಲಿವೇಟರ್ ಬುಡಕ್ಕೆ ಹಾಕು. ದಿನಾ ಎಷ್ಟು ತಾಸು ಓಡಿತು ಎಂದು ಬರೆದಿಡು, ಭಾನುವಾರಕ್ಕೊಮ್ಮೆ ತಿಳಿಸು. ನಾನೇ ಬಂದು ನೋಡೋಣವೆಂದರೆ ಮುಚ್ಚಳ ಬಿಚ್ಚಲು ಮಿಲ್ ನಿಲ್ಲಿಸಬೇಕು, ಸುಗ್ಗಿಯಲ್ಲಿ ಸಾವುಕಾರರು ಅದಕ್ಕೆ ಒಪ್ಪುವುದಿಲ್ಲ. ನನ್ನ ಕಣ್ಣು ನೀನೇ.

ಅಮರೇಶ್ವರಿ

*

ಸಿಂಧನೂರು
1 ಡಿಸೆಂಬರ್ 2024

ಅಮರವ್ವನಿಗೆ ಆಶೀರ್ವಾದ. ನಿಮ್ಮವ್ವ ಗುರೆಳ್ಳು ಪುಡಿ ಕಳಿಸಿದ್ದಾಳೆ. ಅದನ್ನು ನಿನ್ನ ಡ್ರಮ್ಮಿಗೆ ಹಾಕಬೇಡ.

ನವೆಂಬರ್ ಹದಿನೆಂಟಕ್ಕೆ ಬುಷ್ ಕೂರಿಸಿದೆ. ಸಾವುಕಾರರು ಪಕ್ಕದಲ್ಲಿ ನಿಂತು, "ಗ್ಯಾನಪ್ಪ, ನಿನ ಮಗಳ ಪುಡಿ ಬುಷ್ ನನ್ನ ಮಿಲ್ ನಿಂದರ್ಸಿದ್ರ ನೋಡು ಮತ್ತ" ಎಂದರು. ತುಟಿ ನೋಡಿ ತಿಳಿದೆ. ಮಿಲ್ಲಿನಲ್ಲಿ ಈಗ ಎಲ್ಲರೂ ಅದನ್ನು ಪುಡಿ ಬುಷ್ ಎಂದೇ ಕರೆಯುತ್ತಾರೆ.

ನನಗೆ ಮನುಷ್ಯರ ಮಾತು ಕೇಳದಿದ್ದರೂ ಯಂತ್ರದ ಮಾತು ಕೇಳುತ್ತದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮುಚ್ಚಳಕ್ಕೆ ಒತ್ತಿ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿದರೆ ಒಳಗೆ ಏನು ನಡೆದಿದೆ ಎಂದು ತಲೆಬುರುಡೆಗೇ ಬರುತ್ತದೆ. ದಿನಕ್ಕೆರಡು ಸಲ ಕಚ್ಚಿ ನೋಡುತ್ತೇನೆ. ಇಲ್ಲಿಯತನಕ 118 ತಾಸು ಓಡಿದೆ. ಸದ್ದಿಲ್ಲ. ಊಟದ ಬಿಡುವಿನಲ್ಲಿ ಬಿಚ್ಚಿ ಅಳೆದೆ, ಶಾಫ್ಟ್ ಕೂಡ ಸವೆದಿಲ್ಲ. ಸಾಣೆಯ ಮಾತು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಗ್ಯಾನಪ್ಪ

*

ಸಿಂಧನೂರು
22 ಡಿಸೆಂಬರ್ 2024

ಅಮರವ್ವನಿಗೆ ಆಶೀರ್ವಾದ.

ಬುಷ್ ಚೆನ್ನಾಗಿ ಓಡುತ್ತಿದೆ. 307 ತಾಸು. ಸವೆತ ಕಾಣಿಸುತ್ತಿಲ್ಲ.

ಇಲ್ಲಿ ಚಳಿ ಇದೆ. ನೀನು ಕುಲುಮೆಯ ಪಕ್ಕ ಇರುತ್ತೀಯಲ್ಲ, ನಿನಗೆ ಗೊತ್ತಾಗುವುದಿಲ್ಲ. ಹೆಚ್ಚು ಬರೆಯಲು ಏನೂ ಇಲ್ಲ.

ಗ್ಯಾನಪ್ಪ

*

ಲಿಂಗಸುಗೂರು
5 ಜನವರಿ 2025

ಅಪ್ಪನಿಗೆ ಹೊಸ ವರ್ಷದ ನಮಸ್ಕಾರ.

307 ತಾಸು, ಸವೆತವಿಲ್ಲ. ಈ ಸಾಲನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಕಾಗದವನ್ನು ಸಿದ್ದರಾಮೇಶ ಸರ್‌ಗೆ ತೋರಿಸಿದೆ. ಅವರು ಕನ್ನಡಕ ತೆಗೆದು, "ಇಷ್ಟ ಚೊಲೊ ಇದ್ರ ಸ್ವಲ್ಪ ಅನುಮಾನ ಬರ್ತೈತಿ ನೋಡವಾ" ಎಂದರು. ಸರ್, ನಿಮಗೆ ನಮ್ಮಪ್ಪ ಗೊತ್ತಿಲ್ಲ, ಅವನು ಅಂಥವನಲ್ಲ ಎಂದೆ. ಸಭೆಗೆ ಕಳಿಸುವ ವರದಿಯಲ್ಲಿ ನಿನ್ನ ಅಂಕಿಗಳನ್ನು ಬರೆದಿದ್ದೇನೆ. ಇದೇ ತಿಂಗಳ ಇಪ್ಪತ್ತಕ್ಕೆ ಕಳಿಸಬೇಕು. ಈಚೆಗಿನ ತಾಸು ಎಷ್ಟಾಯಿತು?

ನಿನ್ನ ಕಾಗದ ಯಾಕೆ ಅಷ್ಟು ಸಣ್ಣದಿತ್ತು? ಹುಷಾರಿದ್ದೀಯಷ್ಟೆ?

ಅಮರೇಶ್ವರಿ

*

ಮಸ್ಕಿ
12 ಜನವರಿ 2025

ಅಮರವ್ವಾ, ನಾ ನಿಮ್ಮ ಆದಮ್ಮತ್ತಿ. ನಾ ಹೇಳಾಕತ್ತೀನಿ, ನಮ್ಮ ಖಾನಾವಳಿದಾಗ ರೊಟ್ಟಿ ಬಡಿಯೋ ಜಮೀಲಾಬೀ ಬರ್ಯಾಕತ್ತಾಳ. ನಾ ಆರಾಮದೀನಿ. ನೀ ಆರಾಮದಿ ಅಂತ ಡಬ್ಬಿ ಖಾಲಿ ಬರೋದು ನೋಡಿ ತಿಳಕೊಂಡೀನಿ.

ಒಂದು ಮಾತು ಹೇಳೋದೈತಿ. ಹೋದ ತಿಂಗಳ ನಿಮ್ಮಪ್ಪ ಇಲ್ಲಿಗಿ ಬಂದಿದ್ದ. ಕುಂತು ಒಂದ ರೊಟ್ಟಿ ತಿಂದ, ಅದೂ ಅರ್ಧಾ. ಎದ್ದು ಹೋಗುಮುಂದ ಕಿಸೆದಾಗಿಂದ ನೀ ಮಾಡಿದ ಆ ಬಳಿ ತೆಗದ. "ಯಕ್ಕಾ, ಇದನ್ನ ನಿನ್ನ ಹಿಟ್ಟಿನ ಡಬ್ಬಿದಾಗ ಇಟ್ಟಿರು, ಮನ್ಯಾಗ ಇಟ್ರ ಆಕಿ ಬಂದಾಗ ಕಣ್ಣಿಗಿ ಬೀಳತೈತಿ" ಅಂದ. ಯಾಕಲೇ ಗ್ಯಾನ್ಯಾ ಅಂದ್ರ ಅವನಿಗಿ ಕೇಳಿಸಿದ್ರ ಹೌದಲ್ಲ.

ಹಿಟ್ಟಿನಾಗ ಸುಮ್ಮನ ಯಾಕ ಕುಂದ್ರಬೇಕು ಅಂತ ನಾ ಅದನ್ನ ರೊಟ್ಟಿ ಬುಟ್ಟಿಗಿ ಹೊಚ್ಚಿದ ಅರಬಿ ಹಾರದಂಗ ಮ್ಯಾಲ ಇಡಾಕತ್ತೀನಿ. ಬಸ್ಸು ಬಂದು ನಿಂತ ಕೂಡಲೇ ಗಾಳಿ ಹೊಡದು ಅರಬಿ ಹಾರತೈತಿ, ರೊಟ್ಟಿ ಮ್ಯಾಲ ಧೂಳ ಬೀಳತೈತಿ. ಆದ್ರ ಇದು ಭಾಳ ಹಗುರ ಐತಿ ನೋಡವಾ. ಇದನ್ನೂ ಕಟ್ಟಿಗೊಂಡ ಅರಬಿ ಹಾರಾಕತ್ತೈತಿ. ನಾಕ ವರ್ಷ ಓದಿ ಮಾಡಿದ್ದು ಒಂದ ಅರಬಿ ಹಿಡ್ಯಾಕ ಆಗವಲ್ದು. ಮುಂದಿಂದು ಮಾಡುಮುಂದ ಸ್ವಲ್ಪ ಭಾರ ಇರೋದು ಏನರ ಹಾಕಿ ಮಾಡು.

ಆದಮ್ಮ

(ಅಕ್ಕಾ, ಅವರು ಹೇಳಿದಂಗ ಬರದೀನಿ. ಬಳಿ ಚಂದ ಐತಿ. — ಜಮೀಲಾಬೀ)

*

ಲಿಂಗಸುಗೂರು
13 ಜನವರಿ 2025

ಅಪ್ಪ,

ನನ್ನ ಬುಷ್ ಮಸ್ಕಿಯಲ್ಲಿ ಆದಮ್ಮತ್ತಿಯ ರೊಟ್ಟಿ ಬುಟ್ಟಿಯ ಮೇಲೆ ಇದೆ. ಹಾಗಾದರೆ ನಿನ್ನ ಎಲಿವೇಟರ್‌ನಲ್ಲಿ ಓಡುತ್ತಿರುವುದು ಏನು?

ಅಮರೇಶ್ವರಿ

*

ಸಿಂಧನೂರು
15 ಜನವರಿ 2025

ಅಮರವ್ವನಿಗೆ.

ಗನ್‌ಮೆಟಲ್ ಬುಷ್.

ಡಿಸೆಂಬರ್ ಒಂಬತ್ತಕ್ಕೆ ಬೆಳಿಗ್ಗೆ ಸ್ಕ್ರೂಡ್ರೈವರ್ ಕಚ್ಚಿದಾಗ ಒಳಗೆ ಕರಕರ ಸದ್ದು ಬಂತು. ಸಣ್ಣದು. ಬೇರೆ ಯಾರಿಗೂ ತಿಳಿಯುವುದಲ್ಲ. ಮಿಸ್ತ್ರಿ ಅಂದರೆ ಬುಷ್ ಮಾತಾಡಲು ಶುರು ಮಾಡಿದ ದಿನವೇ ಅದನ್ನು ಬದಲಿಸಬೇಕು. ಮೂವತ್ತೊಂದು ವರ್ಷದಲ್ಲಿ ನನ್ನ ಕೈಯಲ್ಲಿ ಒಂದು ಬುಷ್ಷೂ ಓಡುವಾಗ ಮುರಿದಿಲ್ಲ, ಸುಗ್ಗಿಯಲ್ಲಿ ಒಂದು ದಿನವೂ ಆ ಎಲಿವೇಟರ್ ನಿಂತಿಲ್ಲ. ಕೈ ತಾನಾಗಿ ಪಾನಾ ಹಿಡಿಯಿತು. ಮಧ್ಯಾಹ್ನ ಊಟಕ್ಕೆ ಮಿಲ್ ನಿಂತಾಗ ಅದರಿಂದ ನಟ್ಟು ಬಿಚ್ಚಿ ನಿನ್ನದನ್ನು ತೆಗೆದು ಹಳೆಯ ತರಹದ್ದು ಹಾಕಿದೆ. ನಿನ್ನದು ಓಡಿದ್ದು 190 ತಾಸು ಮಾತ್ರ.

ಆವತ್ತೇ ಬರೆಯಬೇಕಿತ್ತು. ಬರೆಯಲು ಕೂತರೆ ನಿನ್ನ ನಾಲ್ಕು ವರ್ಷ ನನ್ನ ಕೈಯಿಂದಲೇ ಮುರಿದ ಹಾಗೆ ಅನಿಸಿತು. ಪುಡಿ ಬುಷ್ ಒಂದು ತಿಂಗಳೂ ಬಾಳಲಿಲ್ಲ ಎಂದು ಸಾವುಕಾರರು ಊರ ತುಂಬ ಹೇಳುವುದೂ ಬೇಕಿರಲಿಲ್ಲ. ನಿನಗೆ ಸುಳ್ಳು ಬರೆದೆ. ನನ್ನ ಡೈರಿಗೆ ಮಾತ್ರ ಸುಳ್ಳು ಬರೆಯಲು ಆಗಲಿಲ್ಲ, ಅದರಲ್ಲಿ ಎಲ್ಲ ನಿಜವೇ ಇದೆ.

ಇನ್ನೂ ಒಂದಿದೆ. ಆ ಗನ್‌ಮೆಟಲ್ ಬುಷ್ ಕೂಡ ಇದೇ ತಿಂಗಳ ಒಂಬತ್ತಕ್ಕೆ ಕೈಕೊಟ್ಟಿತು. ನಾಚಿಕೆಗೆ ನಾನು ಆ ಜಾಗದ ಮುಚ್ಚಳ ಮುಟ್ಟಿರಲಿಲ್ಲ, ಸ್ಕ್ರೂಡ್ರೈವರೂ ಕಚ್ಚಿರಲಿಲ್ಲ. ಸವೆದು ಸವೆದು 284 ತಾಸಿಗೆ ಶಾಫ್ಟ್ ಕುಣಿಯಲು ಹತ್ತಿ ಮಿಲ್ ನಿಂತಿತು. ಈಗ ಮತ್ತೊಂದು ಗನ್‌ಮೆಟಲ್ ಹಾಕಿದ್ದೇನೆ. ಒಂದು ಸುಳ್ಳಿಗೆ ನನ್ನ ಮೂವತ್ತೊಂದು ವರ್ಷದ ಹೆಸರೂ ಹೋಯಿತು. ನಿನಗೆ ಹೇಗೆ ಮುಖ ತೋರಿಸಲಿ ತಿಳಿಯುತ್ತಿಲ್ಲ.

ನಿನ್ನ ಅಪ್ಪ

*

ಲಿಂಗಸುಗೂರು
22 ಜನವರಿ 2025

ಅಪ್ಪನಿಗೆ ನಮಸ್ಕಾರ.

ಮೊದಲು ಸಿಟ್ಟನ್ನು ಮುಗಿಸುತ್ತೇನೆ. ಬಹಳ ಸಿಟ್ಟು ಬಂತು. ಎರಡು ದಿನ ಅವ್ವನ ರೊಟ್ಟಿ ಡಬ್ಬಿಯಲ್ಲೇ ಉಳಿಯಿತು. ನಿನ್ನ ಅಂಕಿಯನ್ನು ನಂಬಿ ಸರ್ ಎದುರು ನಮ್ಮಪ್ಪ ಅಂಥವನಲ್ಲ ಎಂದು ಹೇಳಿದ್ದೆ. ಅವರ ಬಳಿ ಹೋಗಿ, ಸರ್, ಅಂಕಿ ಸುಳ್ಳು, ವರದಿ ವಾಪಸ್ ಕೊಡಿ ಎಂದಾಗ ನೆಲದಲ್ಲಿ ಇಳಿದು ಹೋಗಬೇಕೆನಿಸಿತು. ಇನ್ನೊಮ್ಮೆ ನನ್ನನ್ನು ಕಾಯಲಿಕ್ಕೆಂದು ನನಗೆ ಸುಳ್ಳು ಹೇಳಬೇಡ. ಸಿಟ್ಟು ಇಲ್ಲಿಗೆ ಮುಗಿಯಿತು.

ಸರ್ ಬೈಯಲಿಲ್ಲ. "ಕಳಸೋಕಿಂತ ಮೊದಲ ಬಂದು ಹೇಳಿದಿ, ಅದ ದೊಡ್ಡದು" ಎಂದರು. ಸಭೆಯನ್ನು ಮಾರ್ಚ್ ಇಪ್ಪತ್ನಾಲ್ಕಕ್ಕೆ ಹಾಕಿಸಿದ್ದಾರೆ. ಅದರಾಚೆ ಒಂದು ದಿನವೂ ಇಲ್ಲವಂತೆ.

ಈಗ ನಿನಗೊಂದು ಮಾತು. ಆದಮ್ಮತ್ತಿಯಿಂದ ಬುಷ್ ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಜೋಳದ ಹಿಟ್ಟನ್ನೆಲ್ಲ ತೊಳೆದ ಮೇಲೆ ಒಳಮೈಯಲ್ಲಿ ಭತ್ತದ ಹೊಟ್ಟಿನ ಒಂದು ಚೂರು ಸಿಕ್ಕಿತು. ಕರಕರ ಎಂದದ್ದು ಅದು. ಬುಷ್‌ಗೆ ಏನೂ ಆಗಿಲ್ಲ.

ಆಗಿದ್ದರೂ ತೆಗೆಯಬಾರದಿತ್ತು, ಅಪ್ಪ. ನಾನು ಹೇಳದೆ ಬಿಟ್ಟ ಮಾತು ಅದು, ತಪ್ಪಿನಲ್ಲಿ ನನ್ನ ಪಾಲೂ ಇದೆ. ನಿನ್ನ ಕೆಲಸದಲ್ಲಿ ಬುಷ್ ಮುರಿದರೆ ಅವಮಾನ. ನನ್ನ ಕೆಲಸದಲ್ಲಿ ಅದು ಮುರಿದ ದಿನವೇ ಪರೀಕ್ಷೆ ಮುಗಿಯುವುದು. ಎಷ್ಟು ತಾಸಿಗೆ ಸತ್ತಿತು ಎಂದು ತಿಳಿಯದಿದ್ದರೆ ಎಷ್ಟು ಬಾಳಿತು ಎಂದು ಹೇಗೆ ಹೇಳಲಿ? ಹನ್ನೊಂದು ಬಿಲ್ಲೆ ಒಡೆದದ್ದರಿಂದಲೇ ಅಲ್ಲವೇ ನೀನು ಅಚ್ಚಿನ ತಪ್ಪು ಹಿಡಿದದ್ದು? ನೀನೇ ಬರೆದಿದ್ದೆ, ಮುರಿದದ್ದನ್ನು ಕಳಿಸಿದ್ದು ಒಳ್ಳೆಯದಾಯಿತು ಎಂದು.

ಮತ್ತೆ ಆ ಗನ್‌ಮೆಟಲ್. ನೀನು ನಾಚಿಕೆಗೆ ಮುಟ್ಟದೆ ಬಿಟ್ಟೆಯಲ್ಲ, ಅದೇ ಜಾಗದಲ್ಲಿ, ಅದೇ ಸುಗ್ಗಿಯಲ್ಲಿ ಅದು ಸಾಯುವ ತನಕ ಓಡಿತು. ಹೋಲಿಸಲಿಕ್ಕೆ ನನಗೆ ಬೇಕಾಗಿದ್ದದ್ದು ಸರಿಯಾಗಿ ಅದೇ. ಯಾವ ಮಿಸ್ತ್ರಿಯೂ ಬುಷ್ ಸಾಯಲು ಬಿಡುವುದಿಲ್ಲವಾದ್ದರಿಂದ ಅಂಥ ಅಂಕಿ ಎಲ್ಲೂ ಸಿಗುವುದಿಲ್ಲ ಎಂದು ಸರ್ ಚಿಂತೆ ಮಾಡುತ್ತಿದ್ದರು. ನಿನ್ನ ಡೈರಿಯನ್ನು ಜೋಪಾನವಾಗಿಡು.

ಬುಷ್ ವಾಪಸ್ ಕಳಿಸುತ್ತಿದ್ದೇನೆ. ಹಾಕು, 190ರಿಂದ ಎಣಿಸು. ಏನೇ ಕೇಳಿಸಿದರೂ ಮುಟ್ಟಬೇಡ. ಮುರಿಯಲಿ.

ಅಮರೇಶ್ವರಿ

*

ಸಿಂಧನೂರು
16 ಫೆಬ್ರವರಿ 2025

ಅಮರವ್ವನಿಗೆ ಆಶೀರ್ವಾದ.

ಜನವರಿ ಇಪ್ಪತ್ತೇಳಕ್ಕೆ ಹಾಕಿದೆ. ಈಗ 370 ತಾಸು. ಇದು ನಿಜ. ಬೇಕಾದರೆ ನಿಮ್ಮವ್ವನ ಸಹಿ ಹಾಕಿಸಿ ಕಳಿಸುತ್ತೇನೆ.

ಸಾವುಕಾರರಿಗೆ ಎಲ್ಲ ಹೇಳಿದೆ. ನಡುವೆ ನಿಂತರೆ ಅರ್ಧ ತಾಸಿನೊಳಗೆ ಹೊಸದು ಹಾಕುತ್ತೇನೆ, ಬದಲಿ ಬುಷ್ ಎಣ್ಣೆ ಹಚ್ಚಿ ಕೈಯಲ್ಲೇ ಇಟ್ಟುಕೊಂಡಿರುತ್ತೇನೆ ಎಂದೆ. ಅವರು, "ಗನ್‌ಮೆಟಲ್ ಮುರದಾಗ ನಾ ಏನರ ಅಂದೀನೇನು? ಓಡಸು" ಎಂದರು. ಇಷ್ಟು ವರ್ಷ ಅವರಿಗೆ ಸುಮ್ಮನೆ ಹೆದರಿದೆನೇನೋ.

ಮೊನ್ನೆಯಿಂದ ಬುಷ್ ಮಾತಾಡಲು ಹತ್ತಿದೆ. ಈ ಸಲ ಹೊಟ್ಟಿನ ಸದ್ದಲ್ಲ, ಸವೆತದ್ದೇ. ನಿನಗೆ ಇದು ಸುಲಭ, ಮುರಿಯಲಿ ಎಂದು ಬರೆದು ಕೂತೆ. ಸ್ಕ್ರೂಡ್ರೈವರ್ ಕಚ್ಚಿಕೊಂಡು ಅದು ನರಳುವುದನ್ನು ಕೇಳುವವನು ನಾನು. ಮೂರು ಸಲ ಪಾನಾ ಕೈಗೆ ತೆಗೆದುಕೊಂಡೆ, ಮೂರು ಸಲವೂ ವಾಪಸ್ ಇಟ್ಟೆ. ನಿನ್ನನ್ನು ಲಿಂಗಸುಗೂರಿನ ಬಸ್ ಹತ್ತಿಸಿ ಒಬ್ಬಳನ್ನೇ ಕಳಿಸಿದ ದಿನ ನನಗೆ ಹೀಗೇ ಆಗಿತ್ತು. ಆವತ್ತೂ ಕೈ ಕಟ್ಟಿಕೊಂಡು ನಿಂತಿದ್ದೆ. ಆಗ ಹೇಳಿರಲಿಲ್ಲ, ಈಗ ಬರೆದಿದ್ದೇನೆ.

ಗ್ಯಾನಪ್ಪ

*

ಸಿಂಧನೂರು
16 ಮಾರ್ಚ್ 2025

ಅಮರವ್ವನಿಗೆ ಆಶೀರ್ವಾದ.

ಮೊನ್ನೆ ಹದಿನಾಲ್ಕಕ್ಕೆ ಶುಕ್ರವಾರ ಮಧ್ಯಾಹ್ನ ನಾಲ್ಕು ಹತ್ತಕ್ಕೆ ನಿನ್ನ ಬುಷ್ ಮುರಿಯಿತು. ಒಟ್ಟು 591 ತಾಸು. ಮಿಲ್ ನಿಂತದ್ದು ಇಪ್ಪತ್ತೆರಡು ನಿಮಿಷ. ಹಮಾಲರೆಲ್ಲ ನನ್ನ ಸುತ್ತ ನಿಂತಿದ್ದರು. ನಾನು ಮುಚ್ಚಳ ಬಿಚ್ಚಿ ಎರಡು ತುಂಡು ಕೈಗೆ ತೆಗೆದುಕೊಂಡಾಗ ಬಾಳಪ್ಪ ಎಂಬ ಹಮಾಲ ತಲೆಯ ಟವೆಲ್ ತೆಗೆದು ನಿಂತ, ಯಾರೋ ಸತ್ತ ಹಾಗೆ. ಎಲ್ಲರಿಗೂ ನಗು ಬಂತು, ನನಗೂ ಬಂತು.

ಶಾಫ್ಟ್ ಅಳೆದೆ, ಸವೆತ ಕೂದಲೆಳೆಯಷ್ಟೂ ಇಲ್ಲ. ತುಂಡುಗಳನ್ನು ತೊಳೆದಿಲ್ಲ, ಇದ್ದ ಹಾಗೇ ರೊಟ್ಟಿಯ ಪಕ್ಕ ಬೇರೆ ಅರಿವೆಯಲ್ಲಿ ಕಟ್ಟಿದ್ದೇನೆ. ಡೈರಿಯನ್ನೂ ಇಟ್ಟಿದ್ದೇನೆ. ಡಿಸೆಂಬರ್ ಒಂಬತ್ತರ ಪುಟವನ್ನು ಹರಿಯಬೇಕೆಂದು ಅನಿಸಿತ್ತು, ಹರಿಯಲಿಲ್ಲ.

ಗ್ಯಾನಪ್ಪ

*

ಲಿಂಗಸುಗೂರು
25 ಮಾರ್ಚ್ 2025

ಗ್ಯಾನಪ್ಪ ಮಿಸ್ತ್ರಿಯವರಿಗೆ, ನನ್ನ ಅಪ್ಪನಿಗೆ, ಪಾಸಾದ ಮಗಳ ನಮಸ್ಕಾರ.

ಒಪ್ಪಿದರು. ಇನ್ನು ಪ್ರಬಂಧ ಬರೆದು ಕೊಡುವುದೊಂದೇ ಬಾಕಿ. ಗನ್‌ಮೆಟಲ್ 284 ತಾಸು, ಪುಡಿ ಬುಷ್ 591. ಎರಡು ಪಟ್ಟಿಗಿಂತ ಹೆಚ್ಚು. ಒಂದೊಂದೇ ಬುಷ್ ಆದದ್ದರಿಂದ ಇದು ಆರಂಭ ಮಾತ್ರ, ಇನ್ನೂ ಓಡಿಸಿ ನೋಡಬೇಕು ಎಂದು ನಾನೇ ಮೊದಲು ಹೇಳಿದೆ.

ಹೊರಗಿನಿಂದ ಬಂದಿದ್ದ ಹಿರಿಯ ಪರೀಕ್ಷಕರೊಬ್ಬರು ಡೈರಿಯ ಪುಟ ತಿರುಗಿಸುತ್ತ, ನಡುವೆ ನಲವತ್ತೊಂಬತ್ತು ದಿನ ಈ ಬುಷ್ ಎಲ್ಲಿತ್ತು ಎಂದು ಕೇಳಿದರು. ಮಸ್ಕಿಯಲ್ಲಿ ರೊಟ್ಟಿ ಬುಟ್ಟಿಯ ಮೇಲಿತ್ತು ಎಂದೆ. ಎಲ್ಲವನ್ನೂ ಹೇಳಿದೆ, ಒಂದನ್ನೂ ಮುಚ್ಚಿಡಲಿಲ್ಲ. ಅವರು ಡಿಸೆಂಬರ್ ಒಂಬತ್ತರ ಪುಟವನ್ನು ಗಟ್ಟಿಯಾಗಿ ಓದಿದರು. ನೀನು ಬರೆದದ್ದು ನೆನಪಿದೆಯಾ? "ಮಗಳ ಬುಷ್ ತೆಗೆದೆ. 190 ತಾಸು. ಆಕೆಗೆ ಬರೆದಿಲ್ಲ. ತಪ್ಪು." ಓದಿ ಮುಗಿಸಿ ಡೈರಿಯನ್ನು ಪಕ್ಕದವರಿಗೆ ಕೊಟ್ಟರು. ಅವರೂ ಓದಿದರು. "ತನ್ನ ತಪ್ಪನ್ನೂ ತಾಸು ಸಮೇತ ಬರೆದಿಟ್ಟವರ ಉಳಿದ ಅಂಕಿಗಳನ್ನು ನಾನು ನಂಬುತ್ತೇನೆ" ಎಂದರು ಆ ಹಿರಿಯರು. ಅಪ್ಪ, ನಾನು ಪಾಸಾದದ್ದು ಆ ಪುಟದಿಂದ.

ಪ್ರಬಂಧದಲ್ಲಿ ನಿನ್ನ ಹೆಸರು ಕೊನೆಯ ಕೃತಜ್ಞತೆಗಳಲ್ಲಿ ಇರುವುದಿಲ್ಲ. ಪರೀಕ್ಷೆಯ ಅಧ್ಯಾಯದಲ್ಲೇ ಬರುತ್ತದೆ, ಅಚ್ಚು ಮಾಡಿದವರು ಮತ್ತು ಓಡಿಸಿದವರು ಎಂದು. ಯುಗಾದಿಗೆ ಬರುತ್ತೇನೆ. ಅವ್ವನಿಗೆ ಹೋಳಿಗೆಯ ಹೂರಣ ಹೆಚ್ಚು ಮಾಡಲು ಹೇಳು.

ಅಮರೇಶ್ವರಿ

*

ಸಿಂಧನೂರು
27 ಮಾರ್ಚ್ 2025

ಅಮರವ್ವನಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದವನ್ನು ನಿಮ್ಮವ್ವನಿಗೆ ಓದಿ ಹೇಳಿದೆ. ನನಗೆ ನನ್ನ ದನಿ ಕೇಳುವುದಿಲ್ಲವಲ್ಲ, ಬಹಳ ಜೋರಾಗಿ ಓದಿದೆನಂತೆ. ಓಣಿಯವರೆಲ್ಲ ಬಾಗಿಲಿಗೆ ಬಂದರು. ಒಳ್ಳೆಯದೇ ಆಯಿತು, ಮನೆ ಮನೆಗೆ ಹೋಗಿ ಹೇಳುವುದು ತಪ್ಪಿತು.

ನಿನ್ನೆ ಮಸ್ಕಿಗೆ ಹೋಗಿ ಸವೆದ ಆ ಗನ್‌ಮೆಟಲ್ ಬುಷ್ ಅಕ್ಕನಿಗೆ ಕೊಟ್ಟೆ. ರೊಟ್ಟಿ ಬುಟ್ಟಿಯ ಮೇಲಿಟ್ಟು ಬಸ್ಸು ಬರುವ ತನಕ ಇಬ್ಬರೂ ಕಾದೆವು. ಬಸ್ಸು ಬಂತು, ಗಾಳಿ ಹೊಡೆಯಿತು, ಅರಿವೆ ಅಲ್ಲಾಡಲಿಲ್ಲ. "ಬುಷ್ ಅಂದ್ರ ಇದು. ನಿನ ಮಗಳಿಗಿ ತೋರಸು" ಎಂದಳು. ತುಟಿ ನೋಡಿ ತಿಳಿದೆ. ಎರಡೂವರೆ ರೊಟ್ಟಿ ತಿಂದು ಬಂದೆ.

ಮಿಲ್ಲಿನಲ್ಲಿ ಈಗ ಸಾವುಕಾರರೇ ದಿನಾ ಕೇಳುತ್ತಾರೆ, "ಪುಡಿ ಬುಷ್ ಯಾವಾಗ ಬರ್ತೈತಿ?" ಎಂದು. ಬೇಸಿಗೆ ಭತ್ತ ಬರುವುದರೊಳಗೆ ಇನ್ನೊಂದು ಮಾಡು, ಯುಗಾದಿಗೆ ಬರುವಾಗಲೇ ತಂದರೆ ಇನ್ನೂ ಒಳ್ಳೆಯದು. ಈ ಸಲ ನಾನು ಕೆಲಸಕ್ಕೆ ಹೋಗುವಾಗ ಸ್ಕ್ರೂಡ್ರೈವರ್ ಒಂದನ್ನೇ ಒಯ್ಯುತ್ತೇನೆ. ಪಾನಾವನ್ನು ಮನೆಯಲ್ಲಿ ನಿಮ್ಮವ್ವನ ಹಿಟ್ಟಿನ ಡಬ್ಬಿಯೊಳಗೆ ಇಟ್ಟು ಹೋಗುತ್ತೇನೆ.

ಗ್ಯಾನಪ್ಪ, ಓಡಿಸಿದವನು